ಪುರಸವಾಕ್ಕಂನ ಹುಡುಗ, ಮಾಲ್ಗುಡಿಯ ಗೆಳೆಯರು

ಪುರಸವಾಕ್ಕಂ ನಮ್ಮಲ್ಲನೇಕರಿಗೆ ಬಟ್ಟೆಬರೆ ಕೊಳ್ಳಲು ಹೋಗುವ ಪೇಟೆ. ಅಲ್ಲಿಯೇ 1906ರ ಅಕ್ಟೋಬರ್ 10ರಂದು ಆರ್. ಕೆ. ನಾರಾಯಣ್ ಜನಿಸಿದರು. ಅವರ ತಂದೆ ಕೃಷ್ಣಸ್ವಾಮಿ ಅಯ್ಯರ್ ಮೈಸೂರು ಸಂಸ್ಥಾನದ ಶಾಲೆಗಳಲ್ಲಿ ಮುಖ್ಯೋಪಾಧ್ಯಾಯರು. ಚನ್ನಪಟ್ಟಣ, ಹಾಸನ, ಮೈಸೂರು ಎಂದು ಊರಿಂದೂರಿಗೆ ವರ್ಗ. ಆದ್ದರಿಂದ ಬಾಲಕ ಮದರಾಸಿನಲ್ಲಿ ಅಜ್ಜಿಯ ಆಶ್ರಯದಲ್ಲೇ ಬೆಳೆದು, ಅಲ್ಲಿನ ಮಿಷನ್ ಶಾಲೆಯಲ್ಲಿ ಓದಿ, ಆಮೇಲೆ ಮೈಸೂರು ಸೇರಿದ. ನಾವು ಕನ್ನಡ ನಾಡಿನಿಂದ ಈ ಊರಿಗೆ ಬಂದವರು. ಅವರು ಈ ಊರಿನಿಂದ ಕನ್ನಡ ನಾಡಿಗೆ ಹೋದವರು. ಜೊತೆಗಾರರನ್ನು ಬಿಟ್ಟು ಬರುವ ಸಂಕಟ ಇಬ್ಬರಿಗೂ ಒಂದೇ.

ಅಜ್ಜಿ ಗೊತ್ತುಮಾಡಿದ ಶುಭದಿನದಂದು, 1930ರಲ್ಲಿ, ಬೆಂಗಳೂರಿನಲ್ಲಿ ಕುಳಿತು ಅವರು ತಮ್ಮ ಮೊದಲ ಕಾದಂಬರಿಗೆ ಕೈಹಾಕಿದರು. ಇಂಗ್ಲಿಷಿನಲ್ಲಿ ಬರೆದ ಈ ಕೃತಿಯನ್ನು ಪ್ರಕಾಶಕರು ಒಬ್ಬರಾದ ಮೇಲೊಬ್ಬರು ಹಿಂದಿರುಗಿಸಿದರು. ಬೇಸತ್ತ ಲೇಖಕರು ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದ ಗೆಳೆಯ ಪೂರ್ಣ ಅವರಿಗೆ, ಹಸ್ತಪ್ರತಿಗೆ ಕಲ್ಲು ಕಟ್ಟಿ ಥೇಮ್ಸ್ ನದಿಗೆ ಎಸೆದುಬಿಡಿ ಎಂದು ಬರೆದರಂತೆ. ಪೂರ್ಣ ಆ ಮಾತನ್ನು ನಡೆಸಲಿಲ್ಲ. ಹಸ್ತಪ್ರತಿಯನ್ನು ಗ್ರಹಾಂ ಗ್ರೀನ್ ಅವರಿಗೆ ತೋರಿಸಿದರು. ಗ್ರೀನ್ ಅವರ ಶಿಫಾರಸಿನಿಂದ 1935ರಲ್ಲಿ ಹ್ಯಾಮಿಷ್ ಹ್ಯಾಮಿಲ್ಟನ್ ಸಂಸ್ಥೆ ಅದನ್ನು ಪ್ರಕಟಿಸಿತು. ‘ಸ್ವಾಮಿ ಅಂಡ್ ಫ್ರೆಂಡ್ಸ್’ ಎಂಬ ಹೆಸರೂ ಗ್ರೀನ್ ಅವರ ಸಲಹೆಯೇ. ಗೆಳೆಯನೊಬ್ಬ ಮಾತು ಮೀರಿದ್ದರಿಂದ ಉಳಿದ ಈ ಪುಸ್ತಕದ ಕಥೆಯೂ ಗೆಳೆಯನೊಬ್ಬ ಮಾತು ತಪ್ಪಿದ ಕಥೆಯೇ ಎಂಬುದು ಸೋಜಿಗ.

ಮಾಲ್ಗುಡಿಯ ಆಲ್ಬರ್ಟ್ ಮಿಷನ್ ಶಾಲೆಯ ಹುಡುಗ ಸ್ವಾಮಿನಾಥನ್. ಪೊಲೀಸ್ ಸೂಪರಿಂಟೆಂಡೆಂಟರ ಮಗ ರಾಜಂ ಹೊಸದಾಗಿ ತರಗತಿಗೆ ಬರುತ್ತಾನೆ. ಅವನ ಸ್ನೇಹ ಬೆಳೆದಂತೆ ಸ್ವಾಮಿಯನ್ನು ಹಳೆಯ ಗೆಳೆಯರು ರಾಜಂನ ಬಾಲವೆಂದು ಹಂಗಿಸಿ ದೂರ ಇಡುತ್ತಾರೆ. 1930ರ ಆಗಸ್ಟ್ 15ರಂದು ಊರಿನಲ್ಲಿ ಚಳವಳಿಯ ಸಭೆ. (ಹದಿನೇಳು ವರ್ಷಗಳ ಅನಂತರ ಅದೇ ತಾರೀಖು ಸ್ವಾತಂತ್ರ್ಯದ ದಿನವಾದೀತೆಂದು ಲೇಖಕರಿಗೆ ಹೇಗೆ ತಿಳಿದೀತು!) ಸ್ವಾಮಿ ತನ್ನ ಟೋಪಿಯನ್ನು ಬೆಂಕಿಗೆ ಎಸೆಯುತ್ತಾನೆ, ಶಾಲೆಯ ಕಿಟಕಿಯ ಗಾಜು ಒಡೆಯುತ್ತಾನೆ; ಮರುದಿನ ಬೆತ್ತದ ಏಟು ತಿಂದು ಶಾಲೆಯನ್ನೇ ಬಿಡುತ್ತಾನೆ. ಹೊಸ ಶಾಲೆಯಲ್ಲಿ ಸಂಜೆಯ ಕವಾಯತು ಕ್ರಿಕೆಟ್ಟಿಗೆ ಅಡ್ಡಿ. ಅಲ್ಲಿಯೂ ಬೆತ್ತ ಎದುರಾದಾಗ ಅದನ್ನು ಕಿತ್ತು ಕಿಟಕಿಯಾಚೆ ಬಿಸುಟು ಊರನ್ನೇ ಬಿಟ್ಟು ಓಡುತ್ತಾನೆ, ಕಾಡಿನ ಹಾದಿಯಲ್ಲಿ ದಿಕ್ಕುಗಾಣದೆ ಬೀಳುತ್ತಾನೆ. ಇತ್ತ ರಾಜಂ ನಾಯಕನಾಗಿದ್ದ ತಂಡ, ಸ್ವಾಮಿ ಇಲ್ಲದೆ ಆಡಿ ಸೋಲುತ್ತದೆ.

ಇದನ್ನು ದ್ರೋಹವೆನ್ನೋಣವೆ? ಸ್ವಾಮಿಯಲ್ಲಿ ಕಪಟವಿಲ್ಲ, ಇದ್ದದ್ದು ಭಯ. ಆದರೆ ಕಾದು ನಿಂತ ಗೆಳೆಯನಿಗೆ ಎರಡರ ನಡುವಿನ ಅಂತರ ಕಾಣದು. ರಾಜಂ ಮಾತು ಬಿಡುತ್ತಾನೆ. ಕೊನೆಗೆ ಅವನ ತಂದೆಗೆ ವರ್ಗವಾದಾಗ ಸ್ವಾಮಿ ಬೆಳಗಿನ ಜಾವದಲ್ಲಿ ಆಂಡರ್ಸನ್ನನ ಕಥೆಗಳ ಪುಸ್ತಕವೊಂದನ್ನು ಹಿಡಿದು ಸ್ಟೇಷನ್ನಿಗೆ ಹೋಗುತ್ತಾನೆ. ರೈಲು ಚಲಿಸುವಾಗ ಇನ್ನೊಬ್ಬ ಗೆಳೆಯ ಮಣಿ ಅದನ್ನು ತಲುಪಿಸುತ್ತಾನೆ. ರಾಜಂ ಕ್ಷಮಿಸಿದನೆ, ಕಾಗದ ಬರೆಯುವನೆ? ಲೇಖಕರು ಹೇಳುವುದಿಲ್ಲ. ಕ್ಷಮೆ ದೊರೆತೀತೋ ಇಲ್ಲವೋ, ಕೈಯಲ್ಲಿ ಪುಸ್ತಕ ಹಿಡಿದು ಹೋಗಿ ನಿಂತದ್ದೇ ಸ್ವಾಮಿಯ ಪ್ರಾಯಶ್ಚಿತ್ತ.

ಈ ಕಥೆ ಕನ್ನಡಿಗರ ಕೈಗೂ ಬಂದಿತು. 1980ರ ದಶಕದಲ್ಲಿ ಶಂಕರ್ ನಾಗ್ ಆಗುಂಬೆಯನ್ನೇ ಮಾಲ್ಗುಡಿ ಮಾಡಿ ದೂರದರ್ಶನಕ್ಕೆ ‘ಮಾಲ್ಗುಡಿ ಡೇಸ್’ ತೆಗೆದರು. ಮಾಸ್ಟರ್ ಮಂಜುನಾಥ್ ಸ್ವಾಮಿಯಾದ, ಗಿರೀಶ ಕಾರ್ನಾಡರು ತಂದೆ, ವೈಶಾಲಿ ಕಾಸರವಳ್ಳಿ ತಾಯಿ. ಸಂಗೀತ ಮಾತ್ರ ನಮ್ಮ ಮದರಾಸಿನ ಎಲ್. ವೈದ್ಯನಾಥನ್ ಅವರದು. ಶಿವಮೊಗ್ಗ ಜಿಲ್ಲೆಯ ಅರಸಾಳಿನ ಹಳೆಯ ರೈಲು ನಿಲ್ದಾಣ ಇಂದು ಮಾಲ್ಗುಡಿಯ ಹೆಸರಿನ ಸಂಗ್ರಹಾಲಯವಾಗಿದೆ. ನಾರಾಯಣ್ ಅವರು ಕೊನೆಯ ವರ್ಷಗಳಲ್ಲಿ ಹುಟ್ಟಿದೂರಿಗೇ ಮರಳಿ, 2001ರ ಮೇ 13ರಂದು ಚೆನ್ನೈಯಲ್ಲಿಯೇ ಕಣ್ಮುಚ್ಚಿದರು.

ನಮ್ಮ ಮನೆಗಳಲ್ಲಿಯೂ ವರ್ಗದ ಆದೇಶ ಬಂದಾಗ ದೊಡ್ಡವರು ಪಾತ್ರೆ, ಬೀರುಗಳನ್ನು ಲೆಕ್ಕ ಹಾಕುತ್ತೇವೆ. ಮಗು ಯಾರೊಡನೆ ಮುನಿಸಿಕೊಂಡು ಊರು ಬಿಡುತ್ತಿದೆಯೆಂದು ಕೇಳುವುದಿಲ್ಲ. ಮುಂದಿನ ರಜೆಯಲ್ಲಿ ಈ ಪುಸ್ತಕವನ್ನು ಮಕ್ಕಳೊಡನೆ ಕುಳಿತು ಓದಿರಿ. ಸಾಮಾನು ಕಟ್ಟುವ ಮೊದಲು ಗೆಳೆಯನ ವಿಳಾಸವನ್ನು ಮಗುವಿಗೆ ಬರೆದುಕೊಡಿರಿ.