ಬಾಹ್ಯಾಕಾಶ ವಸ್ತುಗಳ ವೀಕ್ಷಣೆ ಹಾಗೂ ಕಕ್ಷೆಯಿಂದ ಕಾಣುವ ನಿರ್ಮಾಣಗಳು: ಉಡುಪಿ ಜಿಲ್ಲೆ

ಪೀಠಿಕೆ

ಉಡುಪಿ ಜಿಲ್ಲೆಯ ಆಕಾಶದಲ್ಲಿ ಕೃತಕ ಉಪಗ್ರಹಗಳು ಪ್ರತಿದಿನವೂ ಹಾದುಹೋಗುತ್ತವೆ. ಅವುಗಳಲ್ಲಿ ಕೆಲವನ್ನು ನೆಲದಿಂದ ಬರಿಗಣ್ಣಿನಿಂದಲೇ ನೋಡಬಹುದಾಗಿದೆ. ಇನ್ನು ಕೆಲವು ಉಪಗ್ರಹಗಳು ಇಲ್ಲಿನ ಕಡಲತೀರ, ನದಿ ಹಾಗೂ ಊರುಗಳ ಚಿತ್ರ ತೆಗೆಯುತ್ತವೆ. ಮೇಲಿನಿಂದ ಯಾವುದು ಕಾಣುತ್ತದೆ, ಯಾವುದು ಕಾಣುವುದಿಲ್ಲ ಎಂಬುದು ಕುತೂಹಲದ ವಿಷಯ ಮಾತ್ರವಲ್ಲ. ಕರಾವಳಿಯ ನಕ್ಷೆಗಳು ಇಂತಹ ಚಿತ್ರಗಳನ್ನು ಅವಲಂಬಿಸಿರುವುದರಿಂದ ತೀರವಾಸಿಗಳ ಮನೆ, ಜಮೀನಿಗೂ ಸಂಬಂಧಿಸಿದ ವಿಷಯವಾಗಿದೆ.

ಈ ಕ್ಷೇತ್ರದೊಂದಿಗೆ ಜಿಲ್ಲೆಯ ನಂಟು ಹಳೆಯದು. ಪ್ರೊ. ಉಡುಪಿ ರಾಮಚಂದ್ರ ರಾವ್ ಅವರು ಕಾಪು ಸಮೀಪದ ಅದಮಾರಿನಲ್ಲಿ 1932ರಲ್ಲಿ ಜನಿಸಿದರು. ಅವರ ನೇತೃತ್ವದಲ್ಲಿ ಸಿದ್ಧವಾದ ದೇಶದ ಪ್ರಥಮ ಉಪಗ್ರಹ, 360 ಕೆ.ಜಿ. ತೂಕದ ಆರ್ಯಭಟವನ್ನು 1975ರ ಏಪ್ರಿಲ್ 19ರಂದು ಸೋವಿಯತ್ ಒಕ್ಕೂಟದ ನೆಲೆಯಿಂದ ಉಡಾಯಿಸಲಾಯಿತು. 1984ರಿಂದ 1994ರವರೆಗೆ ಅವರು ಇಸ್ರೋ ಅಧ್ಯಕ್ಷರಾಗಿದ್ದರು. ಆ ಅವಧಿಯಲ್ಲಿಯೇ, 1988ರ ಮಾರ್ಚ್ 17ರಂದು, ದೇಶದ ಮೊದಲ ಕಾರ್ಯಾಚರಣಾ ದೂರಸಂವೇದಿ ಉಪಗ್ರಹ ಐ.ಆರ್.ಎಸ್-1ಎ ಕಕ್ಷೆ ಸೇರಿತು.

1. ನೆಲದಿಂದ ವೀಕ್ಷಣೆ

ಬರಿಗಣ್ಣಿಗೆ ಅತ್ಯಂತ ಸುಲಭವಾಗಿ ಕಾಣುವ ಮಾನವ ನಿರ್ಮಿತ ವಸ್ತುವೆಂದರೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ. ಇದು ಸುಮಾರು 400 ಕಿ.ಮೀ. ಎತ್ತರದಲ್ಲಿ ಗಂಟೆಗೆ ಸುಮಾರು 28,000 ಕಿ.ಮೀ. ವೇಗದಲ್ಲಿ ಚಲಿಸುತ್ತ, ಸುಮಾರು ಒಂದೂವರೆ ಗಂಟೆಗೊಮ್ಮೆ ಭೂಮಿಯನ್ನು ಸುತ್ತುತ್ತದೆ. ಸದರಿ ಎತ್ತರವು ಉಡುಪಿಯಿಂದ ಬೆಂಗಳೂರಿಗೆ ಇರುವ ರಸ್ತೆಯ ದೂರದಷ್ಟಾಗುತ್ತದೆ.

ನಿಲ್ದಾಣಕ್ಕೆ ಸ್ವಂತ ಬೆಳಕಿಲ್ಲ. ಅದರ ಮೇಲೆ ಬಿದ್ದ ಬಿಸಿಲು ಪ್ರತಿಫಲಿಸಿ ನಮಗೆ ಕಾಣುತ್ತದೆ. ಆದ್ದರಿಂದ ನೆಲದಲ್ಲಿ ಕತ್ತಲೆ ಕವಿದು, ಮೇಲೆ ಬಿಸಿಲು ಉಳಿದಿರುವ ವೇಳೆಯಲ್ಲಿ, ಅಂದರೆ ಸೂರ್ಯಾಸ್ತದ ನಂತರದ ಹಾಗೂ ಸೂರ್ಯೋದಯದ ಮೊದಲಿನ ಸುಮಾರು ಒಂದೂವರೆ ಗಂಟೆಯಲ್ಲಿ ವೀಕ್ಷಣೆ ಸಾಧ್ಯ. ಆಸಕ್ತರು ಈ ಕೆಳಗಿನ ಅಂಶಗಳನ್ನು ಗಮನಿಸಬಹುದಾಗಿದೆ:

(ಅ) ನಿಲ್ದಾಣವು ಮಿನುಗದೆ, ಒಂದೇ ಸಮನಾದ ಬಿಳಿ ಬೆಳಕಾಗಿ ಪಶ್ಚಿಮದ ಕಡೆಯಿಂದ ಪೂರ್ವದ ಕಡೆಗೆ ಸಾಗುತ್ತದೆ. ಕೆಂಪು, ಹಸಿರು ದೀಪಗಳು ಮಿನುಗುತ್ತಿದ್ದರೆ ಅದು ವಿಮಾನ.
(ಆ) ಒಂದು ಬಾರಿಗೆ ಹೆಚ್ಚೆಂದರೆ 6 ನಿಮಿಷದಷ್ಟು ಕಾಲ ಕಾಣುತ್ತದೆ. ನಡು ಆಕಾಶದಲ್ಲಿಯೇ ಮರೆಯಾದರೆ ಅದು ಭೂಮಿಯ ನೆರಳನ್ನು ಪ್ರವೇಶಿಸಿದೆ ಎಂದು ತಿಳಿಯಬೇಕು.
(ಇ) ಕಾಪು ಕಡಲತೀರದಲ್ಲಿ ಪಶ್ಚಿಮದ ದಿಗಂತ ಪೂರ್ಣವಾಗಿ ತೆರೆದಿದೆ. ಕಾರ್ಕಳದಲ್ಲಿ ಪೂರ್ವದ ದಿಗಂತವನ್ನು ಘಟ್ಟದ ಸಾಲು ಮರೆಮಾಡುತ್ತದೆ. ಮಣಿಪಾಲದಲ್ಲಿ ಬೀದಿದೀಪಗಳಿಂದ ದೂರವಿರುವ ಸ್ಥಳ ಸೂಕ್ತ.
(ಈ) ಸಾಲಾಗಿ ಚಲಿಸುವ ಬೆಳಕಿನ ಚುಕ್ಕೆಗಳು ಕಂಡಲ್ಲಿ ಗಾಬರಿಗೊಳ್ಳುವ ಅಗತ್ಯವಿಲ್ಲ. 2019ರಿಂದ ಗುಂಪಾಗಿ ಉಡಾವಣೆಯಾಗುತ್ತಿರುವ ಸ್ಟಾರ್‌ಲಿಂಕ್ ಉಪಗ್ರಹಗಳು ಮೊದಲ ಕೆಲವು ದಿನ ಹೀಗೆ ಕಾಣುತ್ತವೆ.

ಎಲ್ಲ ಉಪಗ್ರಹಗಳೂ ಕಣ್ಣಿಗೆ ಕಾಣುವುದಿಲ್ಲ. ಮಣಿಪಾಲದ ತಾಂತ್ರಿಕ ವಿದ್ಯಾರ್ಥಿಗಳು ರೂಪಿಸಲು ಕೈಗೊಂಡ ‘ಪರೀಕ್ಷಿತ್’ ಮಾದರಿಯ ಕಿರು ಉಪಗ್ರಹಗಳ ಉದ್ದ ಸುಮಾರು 20 ಸೆಂ.ಮೀ. ಮಾತ್ರ. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಹವ್ಯಾಸಿ ಖಗೋಳ ವೀಕ್ಷಕರ ಸಂಘವು ಸಾರ್ವಜನಿಕರಿಗಾಗಿ ಆಕಾಶ ವೀಕ್ಷಣೆಯನ್ನು ಏರ್ಪಡಿಸುತ್ತ ಬಂದಿದೆ.

2. ಕಕ್ಷೆಯಿಂದ ಬರಿಗಣ್ಣಿನ ನೋಟ

ಆರೋಗ್ಯವಂತ ಕಣ್ಣು ಒಂದು ಡಿಗ್ರಿಯ 60ನೇ ಒಂದು ಭಾಗದಷ್ಟು ಕೋನವನ್ನು ಗುರುತಿಸಬಲ್ಲದು. 400 ಕಿ.ಮೀ. ದೂರದಲ್ಲಿ ಇದು ಸುಮಾರು 115 ಮೀಟರ್ ಆಗುತ್ತದೆ. ನಿಲ್ದಾಣದ ಒಟ್ಟು ಅಗಲ 109 ಮೀಟರ್. ಆದ್ದರಿಂದಲೇ ಅದು ನಮಗೆ ಆಕಾರವಿಲ್ಲದ ಚುಕ್ಕೆಯಾಗಿ ಕಾಣುತ್ತದೆ. ಅಲ್ಲಿಂದ ಕೆಳಗೆ ನೋಡುವವರಿಗೂ ಇದೇ ಮಿತಿ ಅನ್ವಯಿಸುತ್ತದೆ.

1901ರಲ್ಲಿ ನಿರ್ಮಾಣಗೊಂಡ ಕಾಪು ದೀಪಸ್ತಂಭದ ಎತ್ತರ ಸುಮಾರು 27 ಮೀಟರ್. 1432ರಲ್ಲಿ ಪ್ರತಿಷ್ಠಾಪಿತವಾದ ಕಾರ್ಕಳದ ಗೊಮ್ಮಟನ ಎತ್ತರ ಸುಮಾರು 42 ಅಡಿ. ಇವೆರಡೂ ಗಗನಯಾತ್ರಿಯ ಬರಿಗಣ್ಣಿಗೆ ಕಾಣುವುದಿಲ್ಲ. ಚೀನಾದ ಮಹಾಗೋಡೆ ಬಾಹ್ಯಾಕಾಶದಿಂದ ಕಾಣುತ್ತದೆ ಎಂಬ ಮಾತೂ ಹೀಗೆಯೇ. 2003ರಲ್ಲಿ ಕಕ್ಷೆಗೆ ಹೋಗಿ ಬಂದ ಚೀನಾದ ಪ್ರಥಮ ಗಗನಯಾತ್ರಿ ಯಾಂಗ್ ಲಿವೇ ಅವರು ತಮಗೆ ಆ ಗೋಡೆ ಕಾಣಲಿಲ್ಲವೆಂದು ತಿಳಿಸಿದರು. ಗೋಡೆ ಉದ್ದವಾಗಿದ್ದರೂ ಅಗಲ ಕೆಲವೇ ಮೀಟರ್. ಬಣ್ಣವೂ ಸುತ್ತಲಿನ ನೆಲದಂತೆಯೇ ಇದೆ.

ಕಾಣುವುದಕ್ಕೆ ಎತ್ತರಕ್ಕಿಂತ ಅಗಲ ಹಾಗೂ ಬಣ್ಣದ ವ್ಯತ್ಯಾಸ ಮುಖ್ಯ. ಮರಳಿನ ಬಿಳಿ ತೀರರೇಖೆ, ಕೋಡಿಬೆಂಗ್ರೆಯಲ್ಲಿ ಸೀತಾ ಮತ್ತು ಸ್ವರ್ಣಾ ನದಿಗಳು ಕಡಲು ಸೇರುವ ಅಳಿವೆ, ಎಲ್ಲೂರಿನ ಉಷ್ಣ ವಿದ್ಯುತ್ ಸ್ಥಾವರದಂತಹ ವಿಶಾಲ ನಿರ್ಮಾಣಗಳು ಈ ಮಿತಿಯೊಳಗೆ ಬರುತ್ತವೆ. ರಾತ್ರಿ ವೇಳೆ ಗಾತ್ರದ ಮಿತಿ ಸಡಿಲಗೊಳ್ಳುತ್ತದೆ. ಕತ್ತಲಿನ ನಡುವೆ ಊರಿನ ದೀಪಗಳು ಒಟ್ಟಾಗಿ ಸ್ಪಷ್ಟವಾಗಿ ಕಾಣುತ್ತವೆ.

3. ಉಪಗ್ರಹದ ಕ್ಯಾಮೆರಾ

ಕಣ್ಣಿನ ಮಿತಿಯನ್ನು ಕ್ಯಾಮೆರಾ ಮೀರುತ್ತದೆ. 1988ರ ಐ.ಆರ್.ಎಸ್-1ಎ ಚಿತ್ರದಲ್ಲಿ ಒಂದು ಚುಕ್ಕೆ ಎಂದರೆ ನೆಲದ ಮೇಲೆ ಸುಮಾರು 36 ಅಥವಾ 72 ಮೀಟರ್. 2005ರ ಕಾರ್ಟೋಸ್ಯಾಟ್-1ರಲ್ಲಿ ಇದು 2.5 ಮೀಟರ್‌ಗೆ ಇಳಿಯಿತು. 2019ರ ನವೆಂಬರ್ 27ರಂದು ಉಡಾವಣೆಯಾದ ಕಾರ್ಟೋಸ್ಯಾಟ್-3ರಲ್ಲಿ ಸುಮಾರು 25 ಸೆಂ.ಮೀ. ಆಗಿದೆ.

ನೇರ ಮೇಲಿನಿಂದ ತೆಗೆದ ಚಿತ್ರದಲ್ಲಿ ದೀಪಸ್ತಂಭವು ಚಿಕ್ಕ ವೃತ್ತವಷ್ಟೇ. ಅದನ್ನು ಗುರುತಿಸಲು ನೆರವಾಗುವುದು ನೆರಳು. ಡಿಸೆಂಬರ್‌ನಲ್ಲಿ ಬೆಳಗ್ಗೆ 11 ಗಂಟೆಯ ಸುಮಾರಿಗೆ ಅದರ ನೆರಳು ಹೆಚ್ಚುಕಡಿಮೆ ಸ್ತಂಭದಷ್ಟೇ ಉದ್ದವಿದ್ದು, ವಾಯುವ್ಯಕ್ಕೆ ಚಾಚಿರುತ್ತದೆ.

ಮಳೆಗಾಲದಲ್ಲಿ ಈ ಕ್ಯಾಮೆರಾಗಳಿಗೆ ಮೋಡ ಅಡ್ಡಬರುತ್ತದೆ. ಕಡಲ್ಕೊರೆತ ತೀವ್ರವಾಗಿರುವುದೂ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಇದೇ ಅವಧಿಯಲ್ಲಿ. ಮೋಡದ ಮೂಲಕವೂ ನೋಡಬಲ್ಲ ರೇಡಾರ್ ಉಪಗ್ರಹಗಳು ಈ ಕೊರತೆಯನ್ನು ನೀಗುತ್ತವೆ. ಇಸ್ರೋ 2012ರಲ್ಲಿ ರಿಸ್ಯಾಟ್-1 ಹಾಗೂ 2022ರಲ್ಲಿ ಇ.ಓ.ಎಸ್-04 ಎಂಬ ಇಂತಹ ಉಪಗ್ರಹಗಳನ್ನು ಉಡಾಯಿಸಿದೆ.

4. ತೀರವಾಸಿಗಳ ಗಮನಕ್ಕೆ

ಕರಾವಳಿ ನಿಯಂತ್ರಣ ವಲಯದ ನಿರ್ಬಂಧಗಳನ್ನು ಸಮುದ್ರದ ಉಬ್ಬರದ ಗೆರೆಯಿಂದ ಅಳೆಯಲಾಗುತ್ತದೆ. ಉಪಗ್ರಹ ಚಿತ್ರ ಒಂದು ಕ್ಷಣದ್ದು. ಇಳಿತದ ವೇಳೆ ತೆಗೆದ ಚಿತ್ರದಲ್ಲಿ ನೀರಿನ ಅಂಚು ಉಬ್ಬರದ ಗೆರೆಗಿಂತ ಬಹಳ ಕೆಳಗಿರುತ್ತದೆ. 1:25,000 ಪ್ರಮಾಣದ ನಕ್ಷೆಯಲ್ಲಿ 1 ಮಿ.ಮೀ. ಎಂದರೆ ನೆಲದಲ್ಲಿ 25 ಮೀಟರ್. ಒಂದು ಮನೆ, ಅಂಗಳ, ಬಾವಿ ಅಷ್ಟರೊಳಗೆ ಅಡಗಿರುತ್ತವೆ. ಈ ಕಾರಣದಿಂದ ಚಿತ್ರದೊಂದಿಗೆ ಸ್ಥಳದ ಅಳತೆಯೂ ಅವಶ್ಯಕ.

ಆದ್ದರಿಂದ ಉಪಗ್ರಹ ಚಿತ್ರವನ್ನು ನೋಡುವಾಗ ಚಿತ್ರ ತೆಗೆದ ದಿನಾಂಕ, ಉಬ್ಬರ ಇಳಿತದ ಸ್ಥಿತಿ ಹಾಗೂ ಒಂದು ಚುಕ್ಕೆಯ ನೆಲದ ಅಳತೆ, ಈ ಮೂರನ್ನು ಮೊದಲು ಪರಿಶೀಲಿಸುವುದು. 2009ರಲ್ಲಿ ಆರಂಭಗೊಂಡ ಇಸ್ರೋದ ‘ಭುವನ್’ ಜಾಲತಾಣದಲ್ಲಿ ಸಾರ್ವಜನಿಕರು ತಮ್ಮ ಊರಿನ ಚಿತ್ರಗಳನ್ನು ನೋಡಬಹುದಾಗಿದೆ. ಕರಾವಳಿ ವಲಯದ ಕರಡು ನಕ್ಷೆಗಳನ್ನು ಸಾರ್ವಜನಿಕ ಸಲಹೆಗೆ ಪ್ರಕಟಿಸಿದಾಗ, ತೀರದಲ್ಲಿ ವರ್ಷಗಳಿಂದ ಉಬ್ಬರದ ನೀರು ಏರುವ ಜಾಗವನ್ನು ಬಲ್ಲವರು ಅದನ್ನು ನಿಗದಿತ ಅವಧಿಯೊಳಗೆ ಲಿಖಿತವಾಗಿ ತಿಳಿಸುವುದು ಸೂಕ್ತ.