ಬಿಸಿಲಲ್ಲಿ ಮೂಡಿದ ಬೇಲೂರು

ಗೋಣಿಬೀಡಿನವರಾದ ನಮಗೆ ಬೇಲೂರು, ಹಳೇಬೀಡು ದೂರವೇನಲ್ಲ. ಹೋದಾಗಲೆಲ್ಲ ಗುಡಿಯ ಮುಂದೆ ನಿಂತು ಮೊಬೈಲಲ್ಲಿ ಫೋಟೊ ಹೊಡೆಯುತ್ತೇವೆ. ಇದೇ ಗುಡಿಗಳ ಫೋಟೊಗಳನ್ನು 1854ರಲ್ಲಿ ಕಂಪನಿ ಸೈನ್ಯದ ಅಧಿಕಾರಿ ಲಿನಿಯಸ್ ಟ್ರೈಪ್ ತೆಗೆದಿದ್ದರು. ಮರುವರ್ಷ ಮದ್ರಾಸಿನ ವಸ್ತುಪ್ರದರ್ಶನದಲ್ಲಿ ಅವಕ್ಕೆ ಪದಕ ಬಂತು.

ಆಗ ರೀಲೂ ಇಲ್ಲ, ಕರೆಂಟೂ ಇಲ್ಲ. ನೆಗೆಟಿವ್ ಕೂಡ ಮೇಣ ಹಿಡಿಸಿದ ಕಾಗದವೇ. ಪ್ರಿಂಟ್ ಹಾಕುತ್ತಿದ್ದುದು ಬಿಸಿಲು. ಅಂದಿನ ವಿಧಾನಗಳಲ್ಲೊಂದು ಉಪ್ಪು ಕಾಗದ. ಕಾಗದವನ್ನು ಉಪ್ಪುನೀರಲ್ಲಿ ಅದ್ದಿ ಒಣಗಿಸಿ, ಮಂದ ಬೆಳಕಲ್ಲಿ ಸಿಲ್ವರ್ ನೈಟ್ರೇಟ್ ಹಚ್ಚುತ್ತಿದ್ದರು. ಅದು ಒಣಗಿದ ಮೇಲೆ ನೆಗೆಟಿವ್ ಇಟ್ಟು, ಗಾಜು ಮುಚ್ಚಿ ಬಿಸಿಲಿಗಿಟ್ಟರೆ ಕಂದು ಬಣ್ಣದ ಚಿತ್ರ ಮೂಡುತ್ತಿತ್ತು. ಹೈಪೊ ದ್ರಾವಣದಲ್ಲಿ ಅದ್ದಿದರೆ ಅದು ನಿಲ್ಲುತ್ತಿತ್ತು. ಆ ಹೈಪೊವನ್ನು ಚೆನ್ನಾಗಿ ತೊಳೆಯದಿದ್ದರೆ ಚಿತ್ರ ವರ್ಷ ಕಳೆದಂತೆ ಮಾಸುತ್ತಿತ್ತು.

ಇಂದು ಕಲಿಯುವವರಿಗೆ ಸುಲಭವಾದದ್ದು ಸೈನೋಟೈಪ್. 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದದ್ದು. ಇದಕ್ಕೆ ಬೆಳ್ಳಿ ಬೇಡ. ಫೆರಿಕ್ ಅಮೋನಿಯಂ ಸಿಟ್ರೇಟ್, ಪೊಟ್ಯಾಸಿಯಂ ಫೆರಿಸೈನೈಡ್ ಎಂಬ ಎರಡು ಕಬ್ಬಿಣದ ಲವಣ ಸಾಕು. ಅವುಗಳ ದ್ರಾವಣ ಹಚ್ಚಿ ಒಣಗಿಸಿದ ಕಾಗದದ ಮೇಲೆ ತೋಟದ ಜರಿಗಿಡದ ಎಲೆ ಇಟ್ಟು, ಕಾಫಿ ಒಣಗಿಸುವ ಕಣದ ಬಿಸಿಲಿಗೆ ಹಿಡಿಯಿರಿ. ಆಮೇಲೆ ಬರೀ ನೀರಲ್ಲಿ ತೊಳೆದರೆ ನೀಲಿಯ ನಡುವೆ ಬಿಳಿ ಎಲೆ ಉಳಿಯುತ್ತದೆ. ಕೈಗೆ ಗ್ಲೌಸ್ ಇರಲಿ, ಅಡುಗೆ ಪಾತ್ರೆ ಬಳಸಬೇಡಿ.

ಟ್ರೈಪ್ ತೆಗೆದ ಬೇಲೂರಿನ ಕಾಗದದ ಚಿತ್ರಗಳು 170 ವರ್ಷ ದಾಟಿ ಲಂಡನ್ನಿನ ಸಂಗ್ರಹಗಳಲ್ಲಿ ಇವತ್ತಿಗೂ ಇವೆ. ನಮ್ಮ ಅಜ್ಜ ಅಜ್ಜಿಯರ ಮುಖಗಳು ಮಾತ್ರ ಒಂದು ಫೋನ್ ಕೆಟ್ಟರೆ ಅಳಿಸಿಹೋಗುವಂತಿವೆ. ಕೆಲವನ್ನಾದರೂ ಕಾಗದಕ್ಕಿಳಿಸಿ ಇಡೋಣ.