‘ನೆಟ್ ಬರ್ತಿಲ್ಲ’ ಅನ್ನೋ ಮಾತಿನ ಚರಿತ್ರೆ

ಸೋಮನೂರಿನ ಕಡೆ ಪವರ್‌ಲೂಮ್ ಓಡಿಸೋವರು ಮಗ್ಗ ತಾನಾಗಿ ನಿಂತರೆ ಮೊದಲು ಲಾಳಿ ನೋಡ್ತಾರೆ. ಕಂಡಿಕೆಯ ನೂಲು ಮುಗೀತಾ, ಹೊಕ್ಕಿನ ಎಳೆ ಹರೀತಾ ಅಂತ. ಆಮೇಲೆ ಹಾಸು, ಆಮೇಲೆ ಬೆಲ್ಟು, ಮೋಟಾರು. ಕರೆಂಟ್ ಇದೆಯೋ ಇಲ್ಲವೋ ಅನ್ನೋದನ್ನ ಪಕ್ಕದ ಮಗ್ಗದ ಸದ್ದೇ ಹೇಳತ್ತೆ. ಎಳೆ ಹರೀತು ಅಂತ ಇಡೀ ಮಗ್ಗ ಬಿಚ್ಚೋವರು ಯಾರೂ ಇಲ್ಲ. ಅದೇ ಮನೆಯ ಕಂಪ್ಯೂಟರಿಗೆ ನೆಟ್ ಬರದಿದ್ದಾಗ ಮಾತ್ರ, ಯಾರೋ ಬಂದು “ಫಾರ್ಮ್ಯಾಟ್ ಹೊಡೀಬೇಕು” ಅಂದರೆ ತಲೆಯಾಡಿಸಿಬಿಡ್ತೇವೆ. ಕೂಲಿ ಲೆಕ್ಕ, ಜಿಎಸ್‌ಟಿ ಬಿಲ್ಲು, ಮಗಳ ಮದುವೆಯ ಫೋಟೋ ಎಲ್ಲಾ ಅಳಿಸಿ ಹೋಗತ್ತೆ. ನೆಟ್ ಬಹಳ ಸಲ ಆಗಲೂ ಬರಲ್ಲ, ಯಾಕೆಂದರೆ ಎಳೆ ಹರಿದಿದ್ದೇ ಬೇರೆ ಕಡೆ. ಆ ಎಳೆ ಯಾವ ಕಾಲದಲ್ಲಿ ಎಲ್ಲಿ ಹರೀತಿತ್ತು ಅಂತ ತಿಳಿದವರಿಗೆ ಇವತ್ತು ಎಲ್ಲಿ ಹುಡುಕಬೇಕು ಅನ್ನೋದೂ ತಿಳಿಯತ್ತೆ.

ನಮ್ಮ ದೇಶದಲ್ಲಿ ಇದು 1986ರಲ್ಲಿ ಎರ್ನೆಟ್ ಅನ್ನೋ ಯೋಜನೆಯಿಂದ ಶುರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಮದ್ರಾಸ್ ಸೇರಿ ಐದು ಐಐಟಿಗಳು, ಇಂಥವರಿಗೆ ಮಾತ್ರ. ಜನಸಾಮಾನ್ಯರಿಗೆ ಬಾಗಿಲು ತೆರೆದದ್ದು 1995ರ ಆಗಸ್ಟ್ 15ಕ್ಕೆ, ವಿದೇಶ್ ಸಂಚಾರ್ ನಿಗಮ್ ಮೂಲಕ. ತೆರೆದ ಬಾಗಿಲಲ್ಲೇ ನೂಕುನುಗ್ಗಲು. ಮೋಡೆಮ್ ಸಾಲದು, ಟೆಲಿಫೋನ್ ಲೈನ್ ಸಾಲದು, ಡಯಲ್ ಮಾಡಿದರೆ ಎಂಗೇಜ್. ಆಗ ನಿಗಮದ ಮುಖ್ಯಸ್ಥರಾಗಿದ್ದ ಬಿ. ಕೆ. ಸಿಂಗಾಲ್ ತಮ್ಮ ಕಡೆಯಿಂದಲೇ ಎಡವಟ್ಟಾಯಿತು ಅಂತ ಪತ್ರಿಕೆಯವರ ಮುಂದೆ ಒಪ್ಪಿಕೊಂಡರು. ಆ ದಿನಗಳಲ್ಲಿ ಮನೆಯ ಕಂಪ್ಯೂಟರ್ ಬಿಚ್ಚಿ ನೋಡಿದ್ದರೆ ಏನು ಸಿಗ್ತಿತ್ತು? ಧೂಳು!

ಡಯಲ್ ಅಪ್ ಕಾಲದ ರೋಗಗಳು ಹೆಚ್ಚಾಗಿ ಫೋನಿನ ರೋಗಗಳೇ. ಒಳಗಿನ ಕೋಣೆಯಲ್ಲಿ ಅಜ್ಜಿ ಇನ್ನೊಂದು ರಿಸೀವರ್ ಎತ್ತಿದರೆ ಕನೆಕ್ಷನ್ ಕಟ್. ಕಾಲ್ ವೇಟಿಂಗ್ ಸದ್ದು ಬಂದರೂ ಕಟ್. ಎಲ್ಲಾ ಸರಿ ಇದ್ದಾಗಲೂ ಹೆಚ್ಚೆಂದರೆ ಸೆಕೆಂಡಿಗೆ 56 ಸಾವಿರ ಬಿಟ್. ಒಂದು ಎಂಬಿಯ ಫೋಟೋ ಇಳಿಯಲು ಎರಡು ನಿಮಿಷಕ್ಕೂ ಮೇಲೆ. ಮೊದಲು ರಿಸೀವರ್ ಎತ್ತಿ ಡಯಲ್ ಟೋನ್ ಕೇಳು, ಕರಕರ ಅಂತಿದ್ದರೆ ಲೈನ್‌ಮನ್‌ಗೆ ಹೇಳು. ಪರೀಕ್ಷೆ ಕಿವಿಯಲ್ಲೇ ಇತ್ತು.

2004ರ ಬ್ರಾಡ್‌ಬ್ಯಾಂಡ್ ನೀತಿ ಬಂದ ಮೇಲೆ, 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ಡೇಟಾಒನ್ ಶುರು ಮಾಡಿತು. ತಂತಿ ಅದೇ ತಾಮ್ರದ್ದು, ಮಾತು ಒಂದು ದಾರಿ, ನೆಟ್ ಇನ್ನೊಂದು ದಾರಿ. ಎರಡನ್ನೂ ಬೇರೆ ಮಾಡೋಕೆ ಸ್ಪ್ಲಿಟರ್ ಅನ್ನೋ ಪುಟ್ಟ ಡಬ್ಬಿ. ಅದನ್ನ ತಿರುವುಮುರುವಾಗಿ ಚುಚ್ಚಿದರೆ ಫೋನ್ ಮಾತಾಡತ್ತೆ, ನೆಟ್ ಮಲಗತ್ತೆ. ಮಳೆ ಬಂದು ಬೀದಿಯ ಜಾಯಿಂಟಿಗೆ ನೀರಿಳಿದರೂ ಹಾಗೇ. ಪರೀಕ್ಷೆ ಈಗ ಕಿವಿಯಿಂದ ಕಣ್ಣಿಗೆ ಬಂತು, ಮೋಡೆಮ್ಮಿನ ದೀಪಕ್ಕೆ. ಡಿಎಸ್‌ಎಲ್ ದೀಪ ಮಿಟುಕುತ್ತಲೇ ಇದ್ದರೆ ತೊಂದರೆ ಬಹುಮಟ್ಟಿಗೆ ತಂತಿಯದು. ಅದು ನಿಂತು ಉರಿದು ಇಂಟರ್‌ನೆಟ್ ದೀಪ ಹತ್ತದಿದ್ದರೆ ಹೆಸರು, ಪಾಸ್‌ವರ್ಡ್ ಅಥವಾ ಕಟ್ಟದ ಬಿಲ್ಲು. ಈಗಿನ ಫೈಬರ್ ಡಬ್ಬಿಯಲ್ಲಿ ಎಲ್‌ಓಎಸ್ ಅನ್ನೋ ದೀಪ ಕೆಂಪಾದರೆ ಬೆಳಕೇ ಮನೆಗೆ ಬರ್ತಿಲ್ಲ ಅಂತ ಅರ್ಥ. ಆಗ ಕಂಪ್ಯೂಟರ್ ಮುಟ್ಟಲೇಬೇಡಿ, ಕಂಪನಿಗೆ ಫೋನ್ ಮಾಡಿ.

ದೀಪಗಳೆಲ್ಲ ಸರಿ ಇದ್ದರೆ? ಇಲ್ಲಿ ಪಿಂಗ್ ಕಥೆ ಹೇಳಲೇಬೇಕು. 1983ರ ಡಿಸೆಂಬರ್. ಅಮೆರಿಕದ ಸೈನ್ಯದ ಒಂದು ಪ್ರಯೋಗಾಲಯದಲ್ಲಿ ನೆಟ್‌ವರ್ಕ್ ವಿಚಿತ್ರವಾಗಿ ಆಡತೊಡಗಿತು. ಮೈಕ್ ಮುಸ್ ಅನ್ನೋವರು ದಾರಿ ಎಲ್ಲಿಯವರೆಗೆ ಸರಿ ಇದೆ ಅಂತ ನೋಡೋಕೆ ರಾತ್ರಿಯೆಲ್ಲ ಕೂತು ಒಂದು ಪುಟ್ಟ ಪ್ರೋಗ್ರಾಂ ಬರೆದರು. ಬೆಳಗಾಗೋದರೊಳಗೆ ಅದು ಸಿದ್ಧ. ಆದರೆ ಅಷ್ಟರಲ್ಲಿ ಜೊತೆಗಾರನೊಬ್ಬ ಕೆಟ್ಟ ಯಂತ್ರವನ್ನ ಹುಡುಕಿ ರಿಪೇರಿ ಮಾಡಿಬಿಟ್ಟಿದ್ದ. ಆ ರಾತ್ರಿಗೆ ಉಪಯೋಗಕ್ಕೆ ಬಾರದ ಆ ಪ್ರೋಗ್ರಾಂ ಇವತ್ತು ನಮ್ಮ ಮನೆಯ ಕಂಪ್ಯೂಟರಿನಲ್ಲೂ ಇದೆ. ಕಮಾಂಡ್ ಪ್ರಾಂಪ್ಟ್ ತೆರೆದು ಇಂಗ್ಲಿಷ್ ಅಕ್ಷರದಲ್ಲಿ ಪಿಂಗ್ ಅಂತ ಹೊಡೆದು, ಜಾಗ ಬಿಟ್ಟು ರೂಟರಿನ ವಿಳಾಸ ಕೊಡಿ. ಸಾಮಾನ್ಯವಾಗಿ ಅದು 192.168.1.1, ಬೇರೆ ಆಗಿದ್ದರೆ ರೂಟರಿನ ತಳದ ಚೀಟಿಯಲ್ಲಿರತ್ತೆ. ಉತ್ತರ ಬಂದರೆ ಮನೆಯೊಳಗಿನ ಎಳೆ ಗಟ್ಟಿ. ಆಮೇಲೆ ಹೊರಗಿನ 8.8.8.8 ಕೊಡಿ. ಅದೂ ಉತ್ತರ ಕೊಟ್ಟು, ಹೆಸರು ಹೊಡೆದಾಗ ಮಾತ್ರ ಏನೂ ಬರದಿದ್ದರೆ ತಪ್ಪು ಡಿಎನ್‌ಎಸ್‌ನದು, ಅಂದರೆ ಹೆಸರನ್ನ ನಂಬರಿಗೆ ತಿರುಗಿಸುವ ಪಟ್ಟಿಯದು. ಮೊದಲು ಜಗತ್ತಿಗೆಲ್ಲ ಸೇರಿ ಅಂಥ ಒಂದೇ ಕಡತ ಕ್ಯಾಲಿಫೋರ್ನಿಯಾದಲ್ಲಿತ್ತು; ಅದು ತಡೆಯಲಾರದಷ್ಟು ಉದ್ದವಾದಾಗ ಪಾಲ್ ಮೊಕಾಪೆಟ್ರಿಸ್ 1983ರಲ್ಲೇ ಈ ಹೊಸ ಏರ್ಪಾಡು ರೂಪಿಸಿದರು. ಇನ್ನು ರೂಟರೇ ಉತ್ತರ ಕೊಡದೆ, ಕಂಪ್ಯೂಟರಿನ ವಿಳಾಸ 169.254 ಅಂತ ಶುರುವಾದರೆ ರೂಟರಿನಿಂದ ಅದಕ್ಕೆ ವಿಳಾಸ ಸಿಕ್ಕಿಲ್ಲ, ತಾನೇ ಒಂದು ಇಟ್ಟುಕೊಂಡಿದೆ. ಕೇಬಲ್ ಸರಿಯಾಗಿ ಚುಚ್ಚಿ, ವೈಫೈ ಪಾಸ್‌ವರ್ಡ್ ನೋಡಿ, ರೂಟರ್ ಒಮ್ಮೆ ಆರಿಸಿ ಹಚ್ಚಿ.

ಹಳೇ ಕಂಪ್ಯೂಟರ್ ಇರೋ ಶಾಲೆಯ ಮೇಷ್ಟ್ರಿಗೆ ಇನ್ನೊಂದು ಮಾತು. ಪಿಂಗ್ ಎಲ್ಲಾ ಸರಿ, ಆದರೂ ಬ್ಯಾಂಕಿನ ಪುಟ, ಸರ್ಕಾರಿ ಅರ್ಜಿಯ ಪುಟ “ಸುರಕ್ಷಿತವಲ್ಲ” ಅಂತ ತೆರೆಯದಿದ್ದರೆ ಪರದೆಯ ಮೂಲೆಯ ತಾರೀಖು ನೋಡಿ. ಒಳಗಿನ ಬಿಲ್ಲೆ ಬ್ಯಾಟರಿ ಸತ್ತರೆ ಗಡಿಯಾರ ಹತ್ತಿಪ್ಪತ್ತು ವರ್ಷ ಹಿಂದಕ್ಕೆ ಹೋಗತ್ತೆ, ಆಗ ಆ ಪುಟಗಳ ಗುರುತಿನ ಚೀಟಿಯನ್ನ ಕಂಪ್ಯೂಟರ್ ನಂಬಲ್ಲ. ಅರ್ಜಿಗೆ ಕಡೇ ದಿನ ಆಗಿದ್ದರೆ ಸದ್ಯಕ್ಕೆ ತಾರೀಖು ಕೈಯಲ್ಲೇ ಸರಿಮಾಡಿ ಅರ್ಜಿ ಕಳಿಸಿ. ಆಮೇಲೆ ಅಂಗಡಿಯಲ್ಲಿ ಸಿಆರ್ 2032 ಅಂತ ಕೇಳಿದರೆ ಆ ಬಿಲ್ಲೆ ಕೊಡ್ತಾರೆ.